ಹದಿನೇಳನೆಯ ಡಬ್ಬಿ

ಇಮಾಮಸಾಹೇಬ ಸಿಕಲಗಾರರ ಬಂದೂಕಿನ ಅಂಗಡಿಯಲ್ಲಿ
ಇಪ್ಪತ್ತಾರು ವರ್ಷ ಲೆಕ್ಕ ಬರೆದವ ನಾನು, ಜಿನ್ನಪ್ಪ ಚೌಗುಲೆ.
ಬೆಳಗಾವಿ ಕ್ಯಾಂಪಿನಲ್ಲಿ, ಬೇಕರಿಯ ಎದುರು.
ಇರುವೆ ಕಂಡರೆ ಕಾಲು ತಡೆಯುವ ಮನೆತನ ನಮ್ಮದು,
ಹೊಟ್ಟೆಪಾಡಿಗೆ ಮದ್ದು, ಛರ್ರೆ, ಕೇಪುಗಳ ದಾಸ್ತಾನು.
ಅವ್ವ ಸಾಯುವ ತನಕ ಕೇಳಿದ್ದು ಇಷ್ಟೇ:
"ಅಲ್ಲೋ, ಉಪ್ಪು ಮಾರೋ ಅಂಗಡಿ ಇರಲಿಲ್ಲೇನು ಈ ಊರಾಗ?"

ಮೊದಲ ದಿನ ಸಾಹೇಬರು ಕೋಣೆ ತೋರಿಸಿದರು.
"ಇವೆಲ್ಲಾ ಬೀಗರಿದ್ದಂಗ ನೋಡ್ರಿ ಚೌಗುಲೆ,
ಮದುವಿ ದಿನಾ ಬಿಟ್ಟು ಒಂದ ಪಂಕ್ತಿಗೆ ಕೂಡಸಬ್ಯಾಡ್ರಿ."
ಕೇಪು ಆಚೆಯ ಕಪಾಟಿಗೆ, ಮದ್ದು ಈಚೆಯ ಗೋಡೆಗೆ,
ಅದೂ ಕಟ್ಟಿಗೆಯ ಪೆಟ್ಟಿಗೆಯಲ್ಲಿ.
ಕಬ್ಬಿಣದ ತಿಜೋರಿ ಯಾಕಿಲ್ಲ ಅಂದೆ.
"ಬಿಗಿ ಹಿಡದದ್ದ ಸಿಡಿಯೋದು," ಅಂದರು,
ಚಹಾ ತರಿಸಿದರು, ಕೋಣೆಯ ಹೊರಗೆ ನಿಂತು ಕುಡಿದೆವು.

ಒಮ್ಮೆ ಹೊಸ ಹುಡುಗ ಪರಶ್ಯಾ
ಚಂದ ಕಾಣಲೆಂದು ಕೇಪುಗಳನ್ನೆಲ್ಲ
ಉಪ್ಪಿನಕಾಯಿಯ ಗಾಜಿನ ಭರಣಿಗೆ ಸುರಿದಿದ್ದ.
ಸಾಹೇಬರು ಬೈಯಲಿಲ್ಲ. ನಮ್ಮನ್ನು ರಸ್ತೆಯ ಆಚೆ ಕಳಿಸಿ
ಮಧ್ಯಾಹ್ನದ ನಮಾಜಿನಿಂದ ಅಸರಿನ ತನಕ
ಒಂದೊಂದೇ ಹೆಕ್ಕಿ ಅದರದರ ಗೂಡಿಗೆ ಕೂರಿಸಿದರು.
ಹೊರಗೆ ಬಂದಾಗ ಅಂಗಿ ಬೆನ್ನಿಗೆ ಅಂಟಿತ್ತು.
"ಹೆದರಿದವರನ್ನ ಒಂದ ಕೋಣ್ಯಾಗ ತುಂಬಬಾರದಪಾ.
ಒಬ್ಬ ಚೀರಿದರ ಎಲ್ಲಾರೂ ಚೀರತಾರ."

ಹೊತ್ತು ಮುಳುಗಿದ ಮೇಲೆ ಆ ಕೋಣೆ ಬಾಯಿ ತೆರೆಯುತ್ತಿರಲಿಲ್ಲ,
ಹೊತ್ತು ಮುಳುಗಿದ ಮೇಲೆ ನಾನೂ ತೆರೆಯುವವನಲ್ಲ.
ದೀಪ ಹಚ್ಚುವ ಮೊದಲು ಊಟ ಮುಗಿಸುವ ನನಗೂ
ದೀಪವನ್ನೇ ಒಲ್ಲದ ಅದಕ್ಕೂ ಒಂದೇ ವ್ರತವೆಂದು
ಸಾಹೇಬರು ಕೀಲಿ ಹಾಕುತ್ತ ನಗುತ್ತಿದ್ದರು.

ಖಾನಾಪುರದ ಕಡೆಯ ರೈತರು ಬರುತ್ತಿದ್ದರು,
ಹಂದಿ ಕಬ್ಬು ತಿಂದಿತೆಂದು, ಲೈಸೆನ್ಸು ಮಡಚಿ ಹಿಡಿದು.
ಎಷ್ಟು ದಿನ ಬಾಳುತ್ತದೆ ಸಾಹೇಬ್ರ ಇದು?
"ತಂಪಾಗಿ, ಒಣಾ ಜಾಗಾದಾಗ ಇಟ್ರ ಮೊಮ್ಮಗನ ತನಕ.
ಪತ್ರಾಸಿನ ಕೆಳಗ ಇಟ್ರ ಮುಂದಿನ ಯುಗಾದಿ ತನಕ.
ಬ್ಯಾರೆ ಡಬ್ಬಿಗೆ ಮಾತ್ರ ಸುರೀಬ್ಯಾಡ್ರಿ,
ಹೆಸರಿಲ್ಲದ ಮದ್ದು ಯಾರ ಮಾತೂ ಕೇಳಂಗಿಲ್ಲ."

ತಿಂಗಳ ಮೊದಲನೆಯ ದಿನ ಮೂಸುವ ದಿನ.
ಒಂದೊಂದೇ ಮುಚ್ಚಳ ತೆಗೆದು ಅವರು ಮೂಗಿಗೆ ಹಿಡಿದು
"ಛಲೋ ಐತಿ, ಬರೀರಿ" ಅನ್ನುವರು.
ನಾನು ಬರೆಯುವೆ: ಸರಿ. ಸರಿ. ಸರಿ.

ಆ ಜ್ವರದ ವರ್ಷದ ನಂತರ
ಒಲೆಯ ಮೇಲೆ ಹಾಲು ಸೀದು ಹೊಗೆ ಹೊರಗೆ ಬಂದರೂ
ಸಾಹೇಬರು ಪೇಪರು ಓದುತ್ತ ಕೂತದ್ದು ಕಂಡೆ.
ಅತ್ತರಿನ ಬಾಟಲಿಯನ್ನು ಬೋರಲು ಸುರಿದುಕೊಳ್ಳುತ್ತಿದ್ದರು ಹಬ್ಬಕ್ಕೆ.
ಗೊತ್ತಾಯಿತು. ಗೊತ್ತಾದದ್ದನ್ನು ಹೇಳಲಿಲ್ಲ.
ಮೂಸುವುದು ಅವರ ಕೆಲಸ, ಬರೆಯುವುದು ನನ್ನದು.

ಅವರು ತೀರಿದ ನಲವತ್ತನೆಯ ದಿನ ಕಳೆದು
ಅಂಗಡಿ ಮುಚ್ಚುವ ಲೆಕ್ಕಕ್ಕೆ ಕೋಣೆ ತೆರೆದೆ.
ಹದಿನೇಳನೆಯ ಡಬ್ಬಿ.
ಮುಚ್ಚಳ ತೆಗೆದೊಡನೆ ಹುಳಿ, ಮೂಗಿನ ಒಳಗೆಲ್ಲ
ಹಳೆಯ ಬ್ಯಾಟರಿಯ ಬಾಯಿ ನೆಕ್ಕಿದ ಹಾಗೆ.
ಒಳಗೆ ತುಕ್ಕಿನ ಬಣ್ಣದ ಪುಡಿ, ತಗಡಿನ ಅಂಚು ತಿಂದು ಹೋಗಿತ್ತು.

ಮೆಲ್ಲಗೆ ಕೆಳಗಿಟ್ಟೆ. ಹೊರಗೆ ಬಂದೆ.
ಬೀಡಿ ಹಚ್ಚಲಿದ್ದ ಹಮಾಲಿಯ ಕೈ ಹಿಡಿದೆ.
ಸಂಜೆಯೊಳಗೆ ಬಲ್ಲವರು ಬಂದು,
ಒಂದು ಮಾತೂ ಆಡದೆ ಅದನ್ನು ಒಯ್ದರು.

ಪುಸ್ತಕ ತಿರುವಿದೆ. ಇಪ್ಪತ್ತೆರಡು ತಿಂಗಳು,
ಇಪ್ಪತ್ತೆರಡು ಸಲ, ಹದಿನೇಳರ ಎದುರು, ಸರಿ.
ಸಹಿ ಅವರದು. ಅಕ್ಷರ ನನ್ನದು,
ದುಂಡಗೆ, ಕನ್ನಡ ಶಾಲೆಯ ಮಾಸ್ತರು ಮೆಚ್ಚಿದ ಅಕ್ಷರ.

ಈಗಲೂ ತಿಂಗಳ ಮೊದಲನೆಯ ದಿನ
ಅಡುಗೆಮನೆಯಲ್ಲಿ ಒಂದೊಂದೇ ಡಬ್ಬಿ ತೆಗೆಯುತ್ತೇನೆ:
ಜೋಳದ ಹಿಟ್ಟು, ಗುರೆಳ್ಳು ಚಟ್ನಿ, ಹುಣಸೆ.
"ಏನಾರ ವಾಸನಿ ಬಂತೇನ್ರಿ?" ಅನ್ನುತ್ತಾಳೆ ಪದ್ಮಾವ್ವ.
ಬಂತೆನ್ನುವುದಿಲ್ಲ.
ಸರಿ ಎಂದೂ ಅನ್ನುವುದಿಲ್ಲ.